ಬೆಟ್ಟದ ಬೇನೆಗೆ ಮದ್ದು: ಇಳಿಯಬೇಕಾದದ್ದು ಅಂಕಿಯೋ, ಬೇನೆಯೋ?

ಎತ್ತರದ ಪ್ರದೇಶದ ನಿವಾಸಿಗಳ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚಿರುತ್ತವೆ. ಅದು ವಿರಳ ಗಾಳಿಗೆ ದೇಹ ಮಾಡಿಕೊಂಡ ಹೊಂದಾಣಿಕೆ. ಜೀವವಿಜ್ಞಾನದ ತರಗತಿಯಲ್ಲಿ ನಾವೆಲ್ಲ ಕೇಳಿರುವ, ಹೇಳಿರುವ ಮಾತಿದು. ಮಾತು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಹೊಂದಾಣಿಕೆ ಮಿತಿಮೀರಿದರೆ ಅದೇ ರೋಗವಾಗುತ್ತದೆ. ಆ ರೋಗಕ್ಕೆ ಇಂದು ನೀಡುತ್ತಿರುವ ಚಿಕಿತ್ಸೆಯನ್ನು ಪರಿಶೀಲಿಸಿದರೆ, ಈ ಅಪೂರ್ಣ ಮಾತು ವೈದ್ಯರ ಯೋಚನೆಯಲ್ಲೂ ಉಳಿದಿದೆಯೇನೋ ಎನಿಸುತ್ತದೆ.

ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ ಸುಮಾರು 4,300 ಮೀಟರ್ ಎತ್ತರದಲ್ಲಿ ಸೆರೊ ಡಿ ಪಾಸ್ಕೊ ಎಂಬ ಗಣಿಪಟ್ಟಣವಿದೆ. ಅಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಒತ್ತಡದ ಶೇ. 60ರಷ್ಟು ಮಾತ್ರ. ಈ ಪಟ್ಟಣದಿಂದ ಬಂದ ರೋಗಿಯೊಬ್ಬನಲ್ಲಿ ಕಂಡ ವಿಚಿತ್ರ ಬೇನೆಯನ್ನು ವೈದ್ಯ ಕಾರ್ಲೋಸ್ ಮೋಂಗೆ ಮೆಡ್ರಾನೊ 1925ರಲ್ಲಿ ವರದಿ ಮಾಡಿದರು. ತಲೆನೋವು, ಉಬ್ಬಸ, ನಿದ್ರಾಭಂಗ, ಕಿವಿಯಲ್ಲಿ ಮೊರೆತ, ಕೈಕಾಲು ಜೋಮು, ನೀಲಿಗಟ್ಟಿದ ತುಟಿ ಇದರ ಲಕ್ಷಣಗಳು. ಇದೇ ದೀರ್ಘಕಾಲಿಕ ಪರ್ವತರೋಗ ಅಥವಾ 'ಮೋಂಗೆ ರೋಗ'. ಚಾರಣಿಗರನ್ನು ಕೆಲವೇ ಗಂಟೆಗಳಲ್ಲಿ ಕಾಡುವ ಪರ್ವತರೋಗ ಬೇರೆ. ಇದು ಅಲ್ಲಿಯೇ ಹುಟ್ಟಿ ಬೆಳೆದವರನ್ನೂ ಎಷ್ಟೋ ವರ್ಷಗಳ ನಂತರ ಹಿಡಿಯುವ ಬೇನೆ.

ರೋಗದ ಬಗೆ ಹೀಗೆ. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದಾಗ ಮೂತ್ರಪಿಂಡಗಳು ಎರಿತ್ರೊಪೊಯೆಟಿನ್ ಹಾರ್ಮೋನನ್ನು ಸ್ರವಿಸುತ್ತವೆ. ಅದರ ಪ್ರಚೋದನೆಯಿಂದ ಅಸ್ಥಿಮಜ್ಜೆ ಹೆಚ್ಚು ಕೆಂಪು ಕಣಗಳನ್ನು ತಯಾರಿಸುತ್ತದೆ. ಒಂದು ಹಂತದವರೆಗೆ ಇದು ಲಾಭವೇ. ಆ ಹಂತ ದಾಟಿದರೆ ರಕ್ತ ಮಂದವಾಗುತ್ತದೆ, ಹರಿವು ನಿಧಾನವಾಗುತ್ತದೆ, ಹೃದಯಕ್ಕೆ ಹೊರೆ ಏರುತ್ತದೆ. ವಯಸ್ಸಾದಂತೆ ಉಸಿರಾಟ ಕುಗ್ಗಿದರೆ ಆಕ್ಸಿಜನ್ ಇನ್ನಷ್ಟು ಇಳಿದು ಕೆಂಪು ಕಣಗಳು ಮತ್ತಷ್ಟು ಹೆಚ್ಚುತ್ತವೆ. ಟಿಬೆಟನ್ನರ ಕಥೆ ಬೇರೆ. ಸುಮಾರು 4,000 ಮೀಟರ್ ಎತ್ತರದಲ್ಲೂ ಅವರ ಹಿಮೋಗ್ಲೋಬಿನ್ ಸಮುದ್ರಮಟ್ಟದವರದಕ್ಕಿಂತ ಹೆಚ್ಚೇನೂ ಇರುವುದಿಲ್ಲ. ಈ ರೋಗವೂ ಅವರಲ್ಲಿ ವಿರಳ. ಇದಕ್ಕೆ ಸಂಬಂಧಿಸಿದ 'ಇಪಿಎಎಸ್1' ಎಂಬ ಜೀನಿನ ವಿಶಿಷ್ಟ ರೂಪ 2010ರಲ್ಲಿ ಬೆಳಕಿಗೆ ಬಂತು. ಕೆಂಪು ಕಣ ಹೆಚ್ಚುವುದೊಂದೇ ಹೊಂದಾಣಿಕೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ವಿಮರ್ಶೆಗೆ ಬರೋಣ. ಮೊದಲನೆಯದು ರೋಗದ ವ್ಯಾಖ್ಯೆ. 2004ರಲ್ಲಿ ಚೀನಾದ ಶಿನಿಂಗ್ ನಗರದಲ್ಲಿ ಸೇರಿದ ತಜ್ಞರು ಒಂದು ಒಮ್ಮತಕ್ಕೆ ಬಂದರು. 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಗಂಡಸರಿಗೆ 21 ಗ್ರಾಂ, ಹೆಂಗಸರಿಗೆ 19 ಗ್ರಾಂ ತಲುಪಿದರೆ ಅದು ಮಿತಿಮೀರಿದಂತೆ. ಇದರೊಂದಿಗೆ ರೋಗಲಕ್ಷಣಗಳಿಗೂ ಅಂಕ ನೀಡಿ ಕೂಡಿಸುವ ಪದ್ಧತಿ ಬಂತು. ಎಲ್ಲೆಡೆ ಒಂದೇ ಅಳತೆಗೋಲು ದೊರೆತದ್ದು ದೊಡ್ಡ ಉಪಕಾರ. ಆದರೆ ಮಿತಿ ದಾಟಿಯೂ ತೊಂದರೆಯಿಲ್ಲದೆ ದುಡಿಯುವವರಿದ್ದಾರೆ. ಮಿತಿಯೊಳಗಿದ್ದೂ ತಲೆನೋವಿನಿಂದ ನರಳುವವರಿದ್ದಾರೆ. ಹಾಗಿರುವಾಗ ಹಿಮೋಗ್ಲೋಬಿನ್ನಿನ ಅಂಕಿ ಇಳಿಸಿದ ಮಾತ್ರಕ್ಕೆ ರೋಗ ಗುಣವಾಯಿತೆನ್ನಲಾದೀತೆ?

ಎರಡನೆಯದು ರಕ್ತ ತೆಗೆಯುವ ಚಿಕಿತ್ಸೆ. ಇದು ಹಳೆಯದು, ಅಗ್ಗ, ಸುಲಭ. ತಲೆಭಾರ ಇಳಿದು ರೋಗಿಗೆ ಕೆಲವು ವಾರ ಹಾಯೆನಿಸುವುದೂ ನಿಜ. ಆದರೆ ಕೆಂಪು ಕಣಗಳನ್ನು ಹೆಚ್ಚಿಸಿದ ಆಕ್ಸಿಜನ್ ಕೊರತೆ ಹಾಗೆಯೇ ಉಳಿದಿರುತ್ತದೆ. ಮಜ್ಜೆ ಮತ್ತೆ ಕಣಗಳನ್ನು ತುಂಬಿಕೊಡುತ್ತದೆ. ಜೊತೆಗೆ ರಕ್ತದೊಂದಿಗೆ ಕಬ್ಬಿಣವೂ ಹೋಗುತ್ತದೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೆರೊ ಡಿ ಪಾಸ್ಕೊದ 11 ರೋಗಿಗಳಿಂದ ಹಂತ ಹಂತವಾಗಿ 2 ಲೀಟರ್ ರಕ್ತ ತೆಗೆಯಲಾಯಿತು. ಆಗ ಅವರ ಶ್ವಾಸಕೋಶದ ಅಪಧಮನಿಯ ಒತ್ತಡ ಇಳಿಯುವ ಬದಲು ಸರಾಸರಿ 37ರಿಂದ 46 ಮಿ.ಮೀ. ಪಾದರಸಕ್ಕೆ ಏರಿತು! ಕಬ್ಬಿಣದ ಕೊರತೆ ಇದಕ್ಕೆ ಕಾರಣವಿರಬೇಕೆಂಬುದು ಸಂಶೋಧಕರ ವಿವರಣೆ. ಆದರೆ ಅನಂತರ ಕಬ್ಬಿಣ ಕೊಟ್ಟಾಗ ಅಲ್ಪಾವಧಿಯಲ್ಲಿ ಒತ್ತಡ ತಗ್ಗಲಿಲ್ಲ. ಹಿಮೋಗ್ಲೋಬಿನ್ ಒಂದನ್ನೇ ನೋಡುವವರಿಗೆ ಈ ಚಿಕಿತ್ಸೆ ಯಶಸ್ವಿ. ಹೃದಯದ ಬಲಭಾಗಕ್ಕೆ ಮಾತ್ರ ಹೊರೆ ಹೆಚ್ಚು.

ಮೂರನೆಯದು ಅಸಿಟಜೋಲಮೈಡ್ ಎಂಬ ಔಷಧಿ. ಕಣ್ಣಿನ ಗ್ಲಾಕೋಮಾಕ್ಕೆ ಬಹುಕಾಲದಿಂದ ಬಳಸುತ್ತಿರುವ ಈ ಮಾತ್ರೆ ಮೂತ್ರದಲ್ಲಿ ಬೈಕಾರ್ಬನೇಟ್ ಹೊರಹೋಗುವಂತೆ ಮಾಡಿ ರಕ್ತವನ್ನು ತುಸು ಆಮ್ಲೀಯವಾಗಿಸುತ್ತದೆ. ಅದರಿಂದ ಉಸಿರಾಟ ಚುರುಕಾಗುತ್ತದೆ. ಅಂದರೆ ಇದು ಮೂಲಕ್ಕೆ ಹತ್ತಿರದ ಮದ್ದು. 2005ರಲ್ಲಿ ಪ್ರಕಟವಾದ 3 ವಾರಗಳ ಪ್ರಯೋಗದಲ್ಲಿ ದಿನಕ್ಕೆ 250 ಮಿಲಿಗ್ರಾಂ ಪಡೆದವರ ರಕ್ತದಲ್ಲಿ ಕೆಂಪು ಕಣಗಳ ಪಾಲು ಸುಮಾರು ಶೇ. 7ರಷ್ಟು ಇಳಿಯಿತು; ರಾತ್ರಿ ನಿದ್ದೆಯಲ್ಲಿ ಆಕ್ಸಿಜನ್ ಮಟ್ಟ ಏರಿತು. 2008ರ 6 ತಿಂಗಳ ಅಧ್ಯಯನವೂ ಆಶಾದಾಯಕವಾಗಿತ್ತು. ಲಭ್ಯವಿರುವ ಔಷಧಿಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡುವುದು ನ್ಯಾಯವೇ. ಆದರೂ ಒಂದು ಮಾತು ಹೇಳಲೇಬೇಕು. ಬೇನೆ ಜೀವನಪೂರ್ತಿಯದು, ಪ್ರಯೋಗ ಆರು ತಿಂಗಳದು. ರೋಗಿಗೆ ಬೇಕಾದ ಉತ್ತರ ಬೇರೆಯೇ: ಪಾರ್ಶ್ವವಾಯು ತಪ್ಪೀತೆ? ಹೃದಯ ಸೋಲದಿದ್ದೀತೆ? ಆಯುಷ್ಯ ಹೆಚ್ಚೀತೆ? ಬೆರಳೆಣಿಕೆಯ ರೋಗಿಗಳ ಅಲ್ಪಾವಧಿ ಪ್ರಯೋಗಗಳಿಂದ ಇವಕ್ಕೆ ಉತ್ತರ ಸಿಗದು.

ಹಾಗಾದರೆ ಖಚಿತ ಚಿಕಿತ್ಸೆ ಇಲ್ಲವೆ? ಇದೆ: ಬೆಟ್ಟ ಇಳಿದು ತಗ್ಗಿನಲ್ಲಿ ನೆಲೆಸುವುದು. ಕೆಳಗೆ ಬಂದವರಲ್ಲಿ ಕೆಂಪು ಕಣಗಳು ತಾವಾಗಿಯೇ ಇಳಿಯುತ್ತವೆ. ಮರಳಿ ಹತ್ತಿದರೆ ರೋಗವೂ ಮರಳುತ್ತದೆ. ವೈದ್ಯಗ್ರಂಥಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಪೆರುವಿನ ಲಾ ರಿಂಕೊನಾಡಾ 5,000 ಮೀಟರಿಗೂ ಎತ್ತರದಲ್ಲಿರುವ ಊರು. ಜನ ಕಾಯಂ ವಾಸಿಸುವ ಊರುಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು. ಅಲ್ಲಿನ ಚಿನ್ನದ ಗಣಿಗಳಲ್ಲಿ 'ಕಚೊರ್ರೆಯೊ' ಎಂಬ ಪದ್ಧತಿಯಿದೆ. ತಿಂಗಳೆಲ್ಲ ಕೂಲಿಯಿಲ್ಲದೆ ದುಡಿದವನು ಕೊನೆಗೆ ಒಂದು ದಿನ ತನಗಾಗಿ ಅದಿರು ಹೊತ್ತೊಯ್ಯಬಹುದು. ಅದರಲ್ಲಿ ಚಿನ್ನವಿದ್ದರೆ ಅದೃಷ್ಟ. ಹೀಗೆ ಬದುಕುವವನಿಗೆ 'ಕೆಳಗಿಳಿ' ಎಂದು ಬರೆದುಕೊಟ್ಟ ಚೀಟಿ ಅನ್ನ ಬಿಡು ಎಂದಂತೆಯೇ ಸರಿ.

ಆದ್ದರಿಂದ ಈ ಚಿಕಿತ್ಸೆಯ ಕೊರತೆ ಔಷಧಶಾಸ್ತ್ರದ್ದು ಮಾತ್ರವಲ್ಲ. ಹೆಚ್ಚು ರೋಗಿಗಳನ್ನು ಹೆಚ್ಚು ಕಾಲ ಗಮನಿಸುವ ಪ್ರಯೋಗಗಳು ಬೇಕು. ಅಷ್ಟೇ ಅಗತ್ಯವಾಗಿ, ರೋಗ ಕಂಡ ಗಣಿಕಾರ್ಮಿಕನಿಗೆ ಕಡಿಮೆ ಎತ್ತರದಲ್ಲಿ ಬೇರೆ ಕೆಲಸ ದೊರೆಯಬೇಕು. ಇನ್ನು ಅಧ್ಯಾಪಕರಾಗಿ ನಾವು ಮಾಡಬಹುದಾದ್ದು ಚಿಕ್ಕದು: ಮುಂದಿನ ಬಾರಿ 'ಹೊಂದಾಣಿಕೆ' ಎಂದು ಕಪ್ಪುಹಲಗೆಯ ಮೇಲೆ ಬರೆದಾಗ, ಪಕ್ಕದಲ್ಲೇ 'ಎಲ್ಲಿಯವರೆಗೆ?' ಎಂಬ ಪ್ರಶ್ನೆಯನ್ನೂ ಬರೆಯೋಣ.