ಪಠ್ಯಪ್ರಬಂಧದಲ್ಲಿ ಸಂಶಯದ ಸ್ಥಾನ

ಕಾಲೇಜುಗಳಲ್ಲಿ ನಿಯಮಿಸಿದ ಒಂದು ಗ್ರಂಥವನ್ನು ಓದಿಸಿ, ಅದನ್ನು ಕುರಿತು ನಾಲ್ಕಾರು ಪುಟಗಳ ಪ್ರಬಂಧವನ್ನು ವಿದ್ಯಾರ್ಥಿಗಳಿಂದ ಬರೆಯಿಸುವ ಪದ್ಧತಿ ಈಗ ಎಲ್ಲ ಕಡೆಯೂ ರೂಢವಾಗಿದೆ. ಅಂಕಗಳನ್ನು ಹಾಕಿದ ಮೇಲೆ ಆ ಪ್ರಬಂಧಗಳು ಕಟ್ಟಿಗೆ ಸೇರುತ್ತವೆ, ಕಟ್ಟು ಬೀರುವಿಗೆ ಸೇರುತ್ತದೆ. ಅವನ್ನು ವಾಙ್ಮಯವೆಂದು ಎಣಿಸಿ ವಿಮರ್ಶಿಸುವ ಗೋಜಿಗೆ ನಾವು ಹೋಗುವುದಿಲ್ಲ. ಆದರೆ ಒಂದು ಗ್ರಂಥಕ್ಕೆ ಎಳೆಯ ವಾಚಕರು ಏನು ಉತ್ತರ ಕೊಡುತ್ತಾರೆಂಬುದನ್ನು ತಿಳಿಯಲು ಇವುಗಳಿಗಿಂತ ನೇರವಾದ ಸಾಧನ ಉಪಾಧ್ಯಾಯರಿಗೆ ಮತ್ತೊಂದಿಲ್ಲ. ಆದುದರಿಂದ ಈಚೆಗೆ ಪರೀಕ್ಷಣಕ್ಕಾಗಿ ನನ್ನ ಕೈಗೆ ಬಂದ ಒಂದು ಕಟ್ಟನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇನೆ. ಇದರಲ್ಲಿ ನನ್ನ ತಪ್ಪೂ ಒಂದು ಸೇರಿದೆ.

ಕಟ್ಟು ಬಂದುದು ದುರ್ಗದ ಸೀಮೆಯ ಒಂದು ಕಾಲೇಜಿನಿಂದ. ಬರೆದವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳವರು. ಓದಬೇಕೆಂದು ನಿಯಮಿಸಿದ್ದ ಗ್ರಂಥ ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’. 1982ರಲ್ಲಿ ಪ್ರಕಟವಾಗಿ, ಗ್ರಂಥಕರ್ತರು 1984ರಲ್ಲಿ ತೀರಿಕೊಂಡ ತರುವಾಯ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಕಾದಂಬರಿಯು ಕಡೆಯ ಮದಕರಿನಾಯಕನ ಆಳ್ವಿಕೆಯನ್ನೂ, 1779ರಲ್ಲಿ ದುರ್ಗವು ಹೈದರಾಲಿಯ ವಶವಾದುದನ್ನೂ ವಸ್ತುವಾಗಿ ಉಳ್ಳದ್ದೆಂಬುದು ವಾಚಕರಿಗೆ ತಿಳಿದೇ ಇದೆ. ಗ್ರಂಥಕರ್ತರು ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದವರು; ಓದುವವರು ಕೋಟೆಯನ್ನು ಕಣ್ಣಾರೆ ಕಂಡು ಬೆಳೆದವರು. ಗ್ರಂಥಕ್ಕೂ ವಾಚಕರಿಗೂ ಇಂಥ ನೆರೆಹೊರೆಯ ಸಂಬಂಧ ಒದಗುವುದು ಅಪೂರ್ವ. ಇಲ್ಲಿಯಾದರೂ ಪ್ರಬಂಧಗಳು ಜೀವಂತವಾಗಿ ಬಂದಾವೆಂದು ಆಶಿಸಿ ಕಟ್ಟನ್ನು ಬಿಚ್ಚಿದೆನು.

ಬಹುಪಾಲು ಪ್ರಬಂಧಗಳು ಗ್ರಂಥಕರ್ತರ ಜನನದಿಂದ ಆರಂಭವಾಗಿ, ಕೃತಿಗಳ ಪಟ್ಟಿಯನ್ನು ದಾಟಿ, ಕಥಾಸಾರವನ್ನು ಹೇಳಿ, “ಮನೋಜ್ಞವಾಗಿ ಚಿತ್ರಿಸಿದ್ದಾರೆ” ಎಂಬಲ್ಲಿ ಮುಗಿದಿದ್ದುವು. ಗೈಡು ಪುಸ್ತಕದ ವಾಕ್ಯಗಳು ಒಂದರಿಂದ ಮತ್ತೊಂದಕ್ಕೆ ಅಕ್ಷರವೂ ಕೆಡದೆ ಬಂದಿದ್ದುವು. ಶ್ರುತಿಪರಂಪರೆಯನ್ನು ನಮ್ಮ ವೈದಿಕರು ಕಾಪಾಡಿದುದಕ್ಕಿಂತ ಇದೇನೂ ಕಡಮೆಯಲ್ಲ. ಒಬ್ಬನು ಒನಕೆ ಓಬವ್ವನನ್ನು ಕುರಿತು ಸೊಗಸಾಗಿ ಬರೆದಿದ್ದನು. ನೋಡುತ್ತ ಹೋದರೆ, ಅವನು ವರ್ಣಿಸಿದುದು 1982ರ ಕಾದಂಬರಿಯನ್ನಲ್ಲ, 1972ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ಚಲನಚಿತ್ರದ ದೃಶ್ಯವನ್ನು. ಆ ಚಿತ್ರಕ್ಕೆ ಮೂಲವೂ ತ. ರಾ. ಸು. ಅವರ ಕಾದಂಬರಿಗಳೇ ಆದುದರಿಂದ ಹುಡುಗನು ಗ್ರಂಥವನ್ನು ತಪ್ಪಿದರೂ ಗ್ರಂಥಕರ್ತರ ಮನೆಯನ್ನು ತಪ್ಪಲಿಲ್ಲವೆಂದು ನಕ್ಕು ಮುಂದೆ ಹೋದೆನು.

ತಪ್ಪೆಲ್ಲ ವಿದ್ಯಾರ್ಥಿಗಳದೆನ್ನುವುದು ನ್ಯಾಯವಲ್ಲ. ಕೊಟ್ಟ ಪ್ರಶ್ನೆ, ಮದಕರಿನಾಯಕನ ಪಾತ್ರಚಿತ್ರಣವನ್ನು ಕುರಿತು ಬರೆಯಿರಿ ಎಂಬುದು. ಅವನು ಶೂರನೆಂದೂ ದೈವಭಕ್ತನೆಂದೂ ಮೊದಲೇ ಗೊತ್ತಾಗಿರುವಾಗ ಬರೆಯುವವನಿಗೆ ವಿಶೇಷಣಗಳನ್ನು ಜೋಡಿಸುವುದಲ್ಲದೆ ಬೇರೆ ಕೆಲಸವೇನಿದೆ? ನಮ್ಮ ಮೀಮಾಂಸಕರು ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಹೇಳಿದರು. ಅಲ್ಲಿ ಎರಡನೆಯದಿಲ್ಲದೆ ಮೂರನೆಯದು ಹುಟ್ಟುವುದಿಲ್ಲ. ಸಂಶಯಕ್ಕೆ ಎಡೆಯಿಲ್ಲದ ವಾಕ್ಯದ ಮೇಲೆ ಅವರು ಅಧಿಕರಣವನ್ನೇ ರಚಿಸಲಿಲ್ಲ. ನಮ್ಮ ಪ್ರಶ್ನೆಪತ್ರಿಕೆಗಳಾದರೋ ಸಂಶಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೇಳುತ್ತವೆ.

ಈಗ ಆ ಕಟ್ಟಿನ ಎರಡು ಪ್ರಬಂಧಗಳ ವಿಚಾರ. ಎರಡರ ಅಂಚಿನಲ್ಲಿಯೂ ನಾನು ಕೆಂಪು ಶಾಯಿಯಲ್ಲಿ “ವಿಷಯಾಂತರ” ಎಂದು ಬರೆದು, ಅರ್ಧಕ್ಕಿಂತ ಕಡಮೆ ಅಂಕಗಳನ್ನು ಕೊಟ್ಟಿದ್ದೆನು.

ಮೊದಲನೆಯದು ಹಿರಿಯೂರಿನ ಕಡೆಯ ಹುಡುಗನದು. ಮುತ್ತಿಗೆಗೆ ಸಿಕ್ಕಿದ ಕೋಟೆಗೆ ನೀರೇ ಪ್ರಾಣವೆಂದು ಆರಂಭಿಸಿ, ಅಕ್ಕ-ತಂಗಿ ಹೊಂಡವನ್ನೂ ಗೋಪಾಲಸ್ವಾಮಿ ಹೊಂಡವನ್ನೂ ಹೆಸರಿಸಿ, ಅಲ್ಲಿಂದ ತನ್ನ ಊರಿನ ಮಾರಿಕಣಿವೆಗೆ ಹಾರಿದ್ದನು. ವೇದಾವತಿಗೆ ಕಟ್ಟಿದ ಆ ಅಣೆಕಟ್ಟು 1907ರಲ್ಲಿ ಮುಗಿಯಿತು, ಅದಕ್ಕೆ ವಾಣಿವಿಲಾಸಸಾಗರವೆಂದು ಹೆಸರಾಯಿತು ಎಂದು ಎರಡು ಪುಟ. ಹೇಳಿದುದೆಲ್ಲ ನಿಜ, ಬರೆಹವೂ ಚೆನ್ನಾಗಿಯೇ ಇದೆ. ಆದರೆ ಗ್ರಂಥವು ಮೊದಲ ಪುಟದಲ್ಲಿಯೇ ಕೈಬಿಟ್ಟು ಹೋಗಿದೆ. ತಾನು ಆಧಾರವಿಲ್ಲದುದನ್ನು ಬರೆಯುವುದಿಲ್ಲ, ಅಪೇಕ್ಷಿತವಲ್ಲದುದನ್ನು ಹೇಳುವುದಿಲ್ಲ ಎಂದು ಮಲ್ಲಿನಾಥನು ತನ್ನ ವ್ಯಾಖ್ಯಾನಗಳ ಮೊದಲಲ್ಲಿ ಮಾಡಿದ ಪ್ರತಿಜ್ಞೆ ಪ್ರಸಿದ್ಧವಾದುದು. ಈ ಹುಡುಗನು ಅದರ ಮೊದಲ ಭಾಗವನ್ನು ಪಾಲಿಸಿದನು, ಎರಡನೆಯದನ್ನು ಮರೆತನು. ಇಲ್ಲಿ ನನ್ನ ಕೆಂಪು ಶಾಯಿ ತಪ್ಪಿರಲಿಲ್ಲ.

ಎರಡನೆಯದು ಹೊಸದುರ್ಗದ ಕಡೆಯ ಹುಡುಗಿಯದು. ಒಟ್ಟು ಮೂರು ಪುಟ. ಅದು ಗ್ರಂಥಕರ್ತರ ಜನನವನ್ನೂ ಹೇಳದೆ, ಕೇಳಿದ ಪಾತ್ರವನ್ನೂ ಮುಟ್ಟದೆ, ಗ್ರಂಥದ ಹೆಸರಿನ ಮೇಲೆಯೇ ನಿಂತಿತು. ಅವಳ ವಾದದ ಸಾರವಿದು. ನಮ್ಮ ಹಳ್ಳಿಯಲ್ಲಿ ಹೊತ್ತು ಮುಳುಗಿತು ಎನ್ನುತ್ತೇವೆ. ಹೊತ್ತು ಮುಳುಗಿದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಅದು ಮುಳುಗಲೇಬೇಕು, ಮಾರನೆಯ ದಿನ ಹುಟ್ಟಲೂ ಬೇಕು. ದುರ್ಗವಾದರೋ ತಾನಾಗಿ ಮುಳುಗಲಿಲ್ಲ. ಹೊರಗಿನವರು ಮುತ್ತಿದರು, ಒಳಗಿನವರು ಕೆಲವರು ದ್ರೋಹ ಮಾಡಿದರು. ಅದು ಮತ್ತೆ ಹುಟ್ಟಲೂ ಇಲ್ಲ. ಹೀಗಿರಲು ‘ಪತನ’ವೆನ್ನದೆ ‘ಅಸ್ತಮಾನ’ವೆಂದು ಹೆಸರಿಟ್ಟುದರಿಂದ ತಪ್ಪು ಮಾಡಿದವರೆಲ್ಲ ತಪ್ಪಿಸಿಕೊಂಡಂತೆ ಆಗಲಿಲ್ಲವೆ?

ಇದನ್ನು ಓದಿದಾಗ ನನಗೆ ಮೊದಲು ಬಂದುದು ಕೋಪ. ಪಾಠಶಾಲೆಯಲ್ಲಿ ಕಲಿತವನ ಅಭ್ಯಾಸದಂತೆ ನಾನು ಶಬ್ದದ ಮೇಲೆ ಬಿದ್ದೆನು. ಸಂಸ್ಕೃತದಲ್ಲಿ ‘ಅಸ್ತಮ್’ ಎಂಬುದು ಅವ್ಯಯ. ‘ಅಸ್ತಮಯ’, ‘ಅಸ್ತಮಯನ’ ಎಂಬ ರೂಪಗಳು ಅದರಿಂದ ಆದುವು. ದೀರ್ಘವುಳ್ಳ ‘ಅಸ್ತಮಾನ’ವು ಕನ್ನಡದ ಬಳಕೆ. ಇನ್ನೂ ಹಿಂದಕ್ಕೆ ಹೋದರೆ ವೈದಿಕ ನಿಘಂಟುವಿನಲ್ಲಿ ‘ಅಸ್ತ’ವು ಮನೆಯ ಹೆಸರುಗಳಲ್ಲಿ ಒಂದು. ಸೂರ್ಯನು ಅಸ್ತಕ್ಕೆ ಹೋದನೆಂದರೆ ಮನೆಗೆ ಹೋದನೆಂದು ಅರ್ಥ. ಇಷ್ಟು ಗಂಭೀರವಾದ ಶಬ್ದವನ್ನು ಹೊತ್ತು ಮುಳುಗುವ ಹಳ್ಳಿಯ ಮಾತಿನಿಂದ ಅಳೆಯಬಹುದೆ ಎಂದು ಮನಸ್ಸಿನಲ್ಲಿಯೇ ಖಂಡಿಸಿ, “ವಿಷಯಾಂತರ” ಎಂದು ಬರೆದು, ಹಾಳೆಯನ್ನು ಮಗುಚಿದೆನು.

ಕೆಲವು ದಿನಗಳ ಮೇಲೆ ಯೋಗಾರ್ಥಕ್ಕಿಂತ ರೂಢ್ಯರ್ಥವು ಬಲವತ್ತರವೆಂಬ ನ್ಯಾಯವನ್ನು ಬೇರೆ ಹುಡುಗರಿಗೆ ಪಾಠ ಹೇಳುತ್ತಿದ್ದಾಗ ನಾನೇ ಸಿಕ್ಕಿಬಿದ್ದೆನು. 1982ರ ಕನ್ನಡ ಕಾದಂಬರಿಯ ಹೆಸರಿಗೆ ನಿಘಂಟುವಿನ ‘ಮನೆ’ಯನ್ನು ತಂದವನು ನಾನು; ರೂಢಿಯನ್ನು ಹಿಡಿದವಳು ಅವಳು. ಮೀಮಾಂಸೆಯ ಮಾತಿನಿಂದ ಹೇಳುವುದಾದರೆ, ಅಂದು ಸಂಪ್ರದಾಯವನ್ನು ಬಿಟ್ಟವನು ಪರೀಕ್ಷಕನೇ ಹೊರತು ವಿದ್ಯಾರ್ಥಿನಿಯಲ್ಲ. ಅವಳ ಪ್ರಬಂಧದಲ್ಲಿ ವಿಷಯವಿದೆ, ಸಂಶಯವಿದೆ, ಒಂದು ಪಕ್ಷವೂ ಇದೆ. ಹಿರಿಯೂರಿನ ಹುಡುಗನೂ ಇವಳೂ ಇಬ್ಬರೂ ಊರಿನ ಅನುಭವವನ್ನು ತಂದವರೇ. ಅವನು ಅದನ್ನು ಗ್ರಂಥದಿಂದ ಹೊರಕ್ಕೆ ಹೋಗಲು ಬಳಸಿದನು; ಇವಳು ಗ್ರಂಥದ ಒಂದು ಪದದೊಳಕ್ಕೆ ಇಳಿಯಲು ಬಳಸಿದಳು. ಈ ಭೇದವನ್ನು ಕಾಣದವನು ಅಂಕಗಳನ್ನು ಹಾಕಬಾರದು.

ಹಾಗೆಂದು ಅವಳ ಸಿದ್ಧಾಂತವನ್ನು ನಾನು ಒಪ್ಪಿದೆನೆಂದಲ್ಲ. ಅವಳು ಪೂರ್ವಪಕ್ಷವನ್ನು ವಿಚಾರಿಸಲಿಲ್ಲ. ನಮ್ಮ ಶಾಸನಗಳ ತಲೆಯಲ್ಲಿ ಸೂರ್ಯಚಂದ್ರರನ್ನು ಕೊರೆದಿರುವುದನ್ನೂ, ದತ್ತಿಗಳನ್ನು ‘ಆಚಂದ್ರಾರ್ಕ’ವಾಗಿ ನಡೆಯಲೆಂದು ಬಿಟ್ಟಿರುವುದನ್ನೂ ಎಲ್ಲರೂ ಬಲ್ಲರು. ಸೂರ್ಯನಿರುವ ತನಕ ತಮ್ಮ ಮಾತು ನಡೆಯಲೆಂದು ಹರಸಿಕೊಂಡ ಅರಸುತನವು ಮುಗಿದಾಗ ಅದಕ್ಕೆ ಅಸ್ತಮಾನವೆಂಬ ರೂಪಕವು ಉಚಿತವೇ ಆಗಿದೆ. ಅಲ್ಲದೆ ಮಹಾಕಾವ್ಯದ ವರ್ಣನೆಗಳನ್ನು ಎಣಿಸುವ ದಂಡಿಯು ಚಂದ್ರಾರ್ಕರ ಉದಯವನ್ನು ಹೇಳಿದನು, ನಾಯಕನ ಅಭ್ಯುದಯವನ್ನು ಹೇಳಿದನು, ಅಸ್ತವನ್ನು ಹೆಸರಿಸಲಿಲ್ಲ. ನಾಯಕನ ಪತನವನ್ನೇ ವಸ್ತುವಾಗಿ ಎತ್ತಿಕೊಂಡ ಗ್ರಂಥಕರ್ತರು ಆ ಹಳೆಯ ‘ಉದಯ’ಕ್ಕೆ ಎದುರಾಗಿ ಈ ಪದವನ್ನು ಇಟ್ಟರೆಂದೂ ವಾದಿಸಬಹುದು. ರನ್ನನ ‘ಗದಾಯುದ್ಧ’ದಲ್ಲಿ ನಾಯಕನು ಭೀಮನಾದರೂ ಓದುವವರ ಮನಸ್ಸು ದುರ್ಯೋಧನನ ಕಡೆಗೆ ಏಕೆ ಹೋಗುತ್ತದೆಂದು ನಮ್ಮ ವಿದ್ವಾಂಸರು ಚರ್ಚಿಸುತ್ತ ಬಂದಿರುವುದೂ ಇದೇ ಜಾತಿಯ ಪ್ರಶ್ನೆ.

ಅವಳ ಪ್ರಬಂಧದ ನಿಜವಾದ ದೋಷ ಬೇರೊಂದು. ತಾತ್ಪರ್ಯನಿರ್ಣಯಕ್ಕೆ ಉಪಕ್ರಮೋಪಸಂಹಾರ, ಅಭ್ಯಾಸ ಮೊದಲಾದ ಆರು ಲಿಂಗಗಳುಂಟು. ಗ್ರಂಥದ ಮೊದಲು ಕೊನೆಗಳು ಆ ಹೆಸರಿಗೆ ಹೊಂದುತ್ತವೆಯೆ, ಆ ಭಾವನೆ ನಡುವೆ ಮರುಕಳಿಸುತ್ತದೆಯೆ, ದ್ರೋಹಿಗಳನ್ನು ಗ್ರಂಥಕರ್ತರು ವಿಧಿಗೆ ಒಪ್ಪಿಸುತ್ತಾರೆಯೋ ಹೆಸರು ಹಿಡಿದು ನಿಲ್ಲಿಸುತ್ತಾರೆಯೋ ಎಂದು ಪುಟ ತೋರಿಸಿ ನೋಡಬೇಕಾಗಿತ್ತು. ಮುಖಪುಟದ ಒಂದು ಪದದಿಂದ ಅಷ್ಟು ದೊಡ್ಡ ಗ್ರಂಥದ ಮೇಲೆ ಆರೋಪ ಹೊರಿಸುವುದು ಸಾಹಸ. ಆದರೆ ಈ ದೋಷವನ್ನು ತೋರಿಸುವ ವಿಧಾನವನ್ನು ಕಲಿಸಬೇಕಾದವರು ನಾವು, ಮತ್ತು ನಾವು ಕಲಿಸಿದುದು ಕವಿ-ಕಾಲ-ಕೃತಿಯನ್ನು. ನಮ್ಮ ನಾಡವರು ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಹೊಗಳಿದೆ. ಉದ್ದೇಶಪೂರ್ವಕವಾಗಿ ಓದಿಸಿ ಆ ನಿಪುಣತೆಯನ್ನು ಕಳೆಯುವುದು ಮಾತ್ರ ನಮ್ಮ ಕಾಲದ ಸಾಧನೆ.

ಅಂಕಗಳ ಪಟ್ಟಿ ಅಷ್ಟರಲ್ಲಿ ಕಳುಹಿಸಿಯಾಗಿತ್ತು. ತಿದ್ದಲು ಅವಕಾಶವಿಲ್ಲವೆಂದು ಉತ್ತರ ಬಂದಿತು. ಅವಳ ಹಾಳೆಯನ್ನು ಅಧ್ಯಾಪಕರ ಮೂಲಕ ಹಿಂದಕ್ಕೆ ಕಳುಹಿಸಿದೆನು. ಅಂಚಿನ ನನ್ನ ಮಾತನ್ನು ಹೊಡೆದುಹಾಕಿ, ಅದರ ಕೆಳಗೆ ಹೀಗೆ ಬರೆದೆನು: ಹೊತ್ತು ಮುಳುಗಿದ್ದಕ್ಕೆ ಯಾರನ್ನೂ ದೂರಲಾಗದೆಂದಿರಿ, ಹೊತ್ತಿಗೆ ಮುಂಚೆ ಕತ್ತಲಾದರೆ ಯಾರನ್ನು ದೂರಬೇಕು? ಗ್ರಂಥದ ಕೊನೆಯ ಅಧ್ಯಾಯಗಳನ್ನು ಮತ್ತೆ ಓದಿ ಉತ್ತರಿಸಿರಿ. ಉತ್ತರ ಇನ್ನೂ ಬಂದಿಲ್ಲ. ದುರ್ಗದ ಸೀಮೆಯ ಅಧ್ಯಾಪಕರಲ್ಲಿ ಈ ಹೆಸರಿನ ವಿಚಾರವನ್ನು ತರಗತಿಯಲ್ಲಿ ಎತ್ತಿದವರು ಯಾರಾದರೂ ಇದ್ದರೆ, ತಮ್ಮ ವಿದ್ಯಾರ್ಥಿಗಳು ಬರೆದುದನ್ನು ಈ ಪತ್ರಿಕೆಗೆ ತಿಳಿಸಬೇಕಾಗಿ ಪ್ರಾರ್ಥನೆ.