ಏರಿಸಿದ ಲೆಕ್ಕ ಇಳಿದು ಬರುತ್ತದೆಯೇ?

ಸಂಜೆ ಅಂಗಡಿಯ ಬಾಗಿಲು ಎಳೆಯುವ ಮುನ್ನ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲೋ ಹೊಸದುರ್ಗದ ಕೊಬ್ಬರಿ ಅಂಗಡಿಯಲ್ಲೋ ಗುಮಾಸ್ತ ಲೆಕ್ಕದ ತಂತ್ರಾಂಶವಾದ ಟ್ಯಾಲಿಯಲ್ಲಿ ‘ಬ್ಯಾಕಪ್’ ಒತ್ತಿ, ಕಂಪ್ಯೂಟರ್ ಆಫ್ ಮಾಡಿ ಮನೆಗೆ ಹೊರಡುತ್ತಾನೆ. ದಿನದ ಲೆಕ್ಕಕ್ಕೆ ಇನ್ನೊಂದು ಪ್ರತಿ ಆಯಿತು. ಆದರೆ ಅದು ಹೋಗಿ ಕೂತದ್ದು ಅದೇ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ. ಸಿ, ಡಿ ಎಂದು ಹೆಸರು ಬೇರೆಯಾದರೂ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಎರಡು ಪಾಲು. ನಡುಮನೆಯ ಪೆಟ್ಟಿಗೆಯಲ್ಲಿದ್ದ ಪತ್ರವನ್ನು ನಕಲು ಮಾಡಿ ಅಡುಗೆಮನೆಯ ಗೂಡಿನಲ್ಲಿಟ್ಟ ಹಾಗೆ. ಮನೆಗೇ ಬೆಂಕಿ ಬಿದ್ದರೆ ಎರಡೂ ಬೂದಿ.

ಈ ಭಯವನ್ನು ನೀಗಿಸುವುದಾಗಿ ಬಂದವು ಕ್ಲೌಡ್ ಬ್ಯಾಕಪ್ ಸಾಫ್ಟ್‌ವೇರ್‌ಗಳು. ಕಂಪ್ಯೂಟರಿನಲ್ಲಿರುವ ಕಡತಗಳನ್ನು ಗುಪ್ತಲಿಪಿಗೆ ತಿರುಗಿಸಿ, ಇಂಟರ್‌ನೆಟ್ ಮೂಲಕ ದೂರದ ಡೇಟಾ ಸೆಂಟರಿಗೆ ಕಳುಹಿಸಿ, ಅಲ್ಲಿ ಕಾಪಾಡುವುದು ಇವುಗಳ ಕೆಲಸ. ಮೊದಲ ಸಲ ಎಲ್ಲವನ್ನೂ ಕಳುಹಿಸುತ್ತವೆ; ಆಮೇಲೆ ಬದಲಾದದ್ದನ್ನು ಮಾತ್ರ. ಒಳ್ಳೆಯ ಸಾಫ್ಟ್‌ವೇರ್ ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆದುಬಿಡುವುದಿಲ್ಲ. ಸೋಮವಾರದ್ದು, ಮಂಗಳವಾರದ್ದು, ಹೋದ ತಿಂಗಳದ್ದು ಎಂದು ಬೇರೆ ಬೇರೆಯಾಗಿ ಉಳಿಸುತ್ತದೆ. 2008ರಲ್ಲಿ ಪುಣೆಯಲ್ಲಿ ಹುಟ್ಟಿದ ಡ್ರೂವಾದಂಥ ಕಂಪನಿ ಈ ಒಂದೇ ಕೆಲಸದ ಮೇಲೆ ಜಗತ್ತಿನಾದ್ಯಂತ ಬೆಳೆದಿದೆ. ಅಮೆಜಾನ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಡೇಟಾ ಸೆಂಟರ್‌ಗಳನ್ನು ತೆರೆಯಿತು. ಚಿತ್ರದುರ್ಗದ ಲೆಕ್ಕ ಏಳು ಸಮುದ್ರ ದಾಟಬೇಕಾಗಿಲ್ಲ. ತಂತ್ರಜ್ಞಾನದ ಮಟ್ಟಿಗೆ ಹೇಳುವುದಾದರೆ ಈ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ನಂಬಿಕೆಗೆ ಅರ್ಹ. ದೋಷ ಇರುವುದು ಅವು ಸಣ್ಣ ಊರಿನ ಅಂಗಡಿಯಲ್ಲಿ ಕೂರುವ ರೀತಿಯಲ್ಲಿ, ಮತ್ತು ‘ಬ್ಯಾಕಪ್’ ಎಂಬ ಮಾತನ್ನು ಕಂಪನಿಗಳು ಬಳಸುವ ರೀತಿಯಲ್ಲಿ.

ಮಾತಿನಿಂದಲೇ ಶುರು ಮಾಡಬೇಕು. ಗೂಗಲ್ ಡ್ರೈವ್, ಒನ್‌ಡ್ರೈವ್ ಇವನ್ನು ಹಾಕಿಸಿಕೊಂಡವರು ತಮ್ಮ ಹತ್ತಿರ ಕ್ಲೌಡ್ ಬ್ಯಾಕಪ್ ಇದೆ ಎನ್ನುತ್ತಾರೆ. ಇವು ಮೂಲತಃ ಸಿಂಕ್ ಮಾಡುವ ಸಾಧನಗಳು. ಇಲ್ಲಿ ಆದದ್ದನ್ನು ಅಲ್ಲೂ ಮಾಡುವ ಕನ್ನಡಿಗಳು. ಗುಮಾಸ್ತ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಕನ್ನಡಿಯಲ್ಲೂ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ ಬಂದು ಕಡತಗಳಿಗೆಲ್ಲ ಬೀಗ ಜಡಿದರೆ, ಬೀಗ ಬಿದ್ದ ಕಡತಗಳೇ ವಿಧೇಯವಾಗಿ ಮೇಲಕ್ಕೆ ಏರುತ್ತವೆ. ಅಳಿಸಿದ್ದು ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ನಿಜ. ಆದರೆ ಜಿಎಸ್‌ಟಿ ಕಾಯ್ದೆ ಲೆಕ್ಕಪತ್ರಗಳನ್ನು ಕಾಪಾಡು ಎನ್ನುವುದು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು. ಅಡಿಕೆ ವ್ಯಾಪಾರದಲ್ಲಿ ಎರಡು ವರ್ಷದ ಹಿಂದಿನ ಬಿಲ್ಲಿಗೆ ನೋಟಿಸ್ ಬಂದ ದಿನ, ಮೂವತ್ತು ದಿನದ ಬುಟ್ಟಿ ಯಾವ ಕೆಲಸಕ್ಕೂ ಬರುವುದಿಲ್ಲ.

ಇನ್ನೂ ಕೆಟ್ಟದ್ದೊಂದಿದೆ. ಒನ್‌ಡ್ರೈವ್ ತಾನಾಗಿಯೇ ‘ಬ್ಯಾಕಪ್ ಮಾಡಲೇ?’ ಎಂದು ಕೇಳುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಕೆಲವೇ ಫೋಲ್ಡರ್‌ಗಳ ಬಗ್ಗೆ. ಟ್ಯಾಲಿಯ ಡೇಟಾ ಸಾಮಾನ್ಯವಾಗಿ ಕೂತಿರುವುದು ಇವುಗಳ ಹೊರಗೆ, ತನ್ನದೇ ಫೋಲ್ಡರ್‌ನಲ್ಲಿ. ಅಮೆರಿಕದ ಬ್ಯಾಕ್‌ಬ್ಲೇಜ್ ಇಡೀ ಕಂಪ್ಯೂಟರನ್ನು ಕಾಪಾಡುತ್ತೇನೆ ಎನ್ನುವ ಒಳ್ಳೆಯ ಸಾಫ್ಟ್‌ವೇರ್. ಅದು ಕೂಡ ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರನ್ನು ತಾನಾಗಿ ಮುಟ್ಟುವುದಿಲ್ಲ. ಹಳೆಯ ಕಂಪ್ಯೂಟರ್‌ಗಳಲ್ಲಿ ಲೆಕ್ಕದ ಡೇಟಾ ಎಷ್ಟೋ ಸಲ ಇರುವುದೇ ಅಲ್ಲಿ. ಪರದೆಯ ಮೂಲೆಯಲ್ಲಿ ಹಸಿರು ಟಿಕ್ ಬೀಳುತ್ತದೆ, ಮಕ್ಕಳ ಹುಟ್ಟುಹಬ್ಬದ ಫೋಟೊ ದೂರದ ಡೇಟಾ ಸೆಂಟರಿನಲ್ಲಿ ಭದ್ರವಾಗಿರುತ್ತದೆ, ಮಂಡಿಯ ಖಾತೆ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಯಾವ ಫೋಲ್ಡರ್ ಸೇರಿದೆ, ಯಾವುದು ಬಿಟ್ಟಿದೆ ಎಂಬುದನ್ನು ಬಳಸುವವನ ಮುಖದೆದುರು ಇಡದ ಸಾಫ್ಟ್‌ವೇರ್ ಅಷ್ಟರ ಮಟ್ಟಿಗೆ ಕರ್ತವ್ಯ ತಪ್ಪಿದೆ ಎಂದೇ ಹೇಳಬೇಕು.

ಬಯಲುಸೀಮೆಯ ಜನಕ್ಕೆ ಮೋಡದ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಕವಿದ ಮೋಡವೆಲ್ಲ ಸುರಿಯುವುದಿಲ್ಲ ಎಂಬುದು ಇಲ್ಲಿ ಶೇಂಗಾ ಬಿತ್ತಿದ ಪ್ರತಿಯೊಬ್ಬರಿಗೂ ಗೊತ್ತು. ಕ್ಲೌಡಿನ ಮೋಡವನ್ನೂ ಹಾಗೇ ನೋಡಬೇಕು: ಎಷ್ಟು ಏರಿತು ಎಂಬುದಕ್ಕಿಂತ ಎಷ್ಟು ಇಳಿಯಿತು ಎಂಬುದೇ ಅಳತೆ.

ಏರುವುದಕ್ಕೂ ಹೊತ್ತು ಬೇಕು. ಲೆಕ್ಕ ಸರಳ. ಎರಡು ಜಿಬಿ ಟ್ಯಾಲಿ ಡೇಟಾವನ್ನು ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಕಳುಹಿಸಿದರೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮದುವೆ ಸೀಸನ್ನಿನಲ್ಲಿ 500 ಜಿಬಿ ಫೋಟೊ, ವಿಡಿಯೊ ತುಂಬಿಕೊಂಡ ಸ್ಟುಡಿಯೊಗೆ 20 ಮೆಗಾಬಿಟ್ ವೇಗದಲ್ಲೂ 55 ಗಂಟೆ ಬೇಕು. ಅದೂ ಲೈನ್ ಒಮ್ಮೆಯೂ ಕಡಿಯದಿದ್ದರೆ, ಕರೆಂಟ್ ಒಮ್ಮೆಯೂ ಹೋಗದಿದ್ದರೆ. ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡುವುದು ನಮ್ಮ ಊರುಗಳ ಒಳ್ಳೆಯ ಪದ್ಧತಿ. ರಾತ್ರಿ ಎರಡಕ್ಕೆ ಬ್ಯಾಕಪ್ ಓಡಲಿ ಎಂದು ಸಮಯ ನಿಗದಿ ಮಾಡಿದ ಸಾಫ್ಟ್‌ವೇರ್ ಅಂಥ ಅಂಗಡಿಯಲ್ಲಿ ಒಂದು ದಿನವೂ ಓಡುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಸಮಯ ಹೊಂದಿಸಿದರೆ ಇಷ್ಟು ತೊಂದರೆ ಇಲ್ಲ. ಆಗ ಟ್ಯಾಲಿಯಿಂದ ಹೊರಬಂದಿರುವುದೂ ಮುಖ್ಯ. ತೆರೆದಿಟ್ಟ, ಬರವಣಿಗೆ ನಡೆಯುತ್ತಿರುವ ಡೇಟಾವನ್ನು ಹಾಗೇ ನಕಲಿಸಿದರೆ ಪ್ರತಿ ಅರೆಬರೆಯಾಗುವ ಸಂಭವವಿದೆ.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೀಲಿಕೈಯದು.

ಸಣ್ಣ ಊರಿನಲ್ಲಿ ಮಾಲೀಕ ಸಾಫ್ಟ್‌ವೇರ್ ಹಾಕಿಸುವುದು ಸಿಸ್ಟಮ್ ರಿಪೇರಿ ಮಾಡುವ ಹುಡುಗನ ಕೈಯಲ್ಲಿ. ಹುಡುಗ ಬುದ್ಧಿವಂತ, ಪ್ರಾಮಾಣಿಕ. ಕೆಲಸ ಬೇಗ ಮುಗಿಯಲೆಂದು ತನ್ನದೇ ಇಮೇಲ್ ಹಾಕುತ್ತಾನೆ, ಒಟಿಪಿಗೆ ತನ್ನದೇ ಮೊಬೈಲ್ ನಂಬರ್ ಕೊಡುತ್ತಾನೆ. ಮುಂದೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೋಗುತ್ತಾನೆ, ಸಿಮ್ ಬದಲಾಗುತ್ತದೆ. ಹಿರಿಯೂರಿನ ಲಾರಿ ಆಫೀಸಿನ ಐದು ವರ್ಷದ ಬಾಡಿಗೆ ಲೆಕ್ಕ ಆಗ ಯಾರದು? ಕಂಪನಿಯ ದಾಖಲೆಯ ಪ್ರಕಾರ ಅದು ಆ ಇಮೇಲಿನದು. ತಿಜೋರಿ ತಂದವನಿಗೆ ಕೂಲಿ ಕೊಡುತ್ತೇವೆ, ಕೀಲಿಕೈ ಕೊಡುವುದಿಲ್ಲ. ಇಲ್ಲಿ ಮಾತ್ರ ಕೀಲಿಕೈ ಅವನ ಜೇಬಿನಲ್ಲೇ ಉಳಿದುಬಿಡುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಗುಪ್ತಲಿಪಿಯ ಪಾಸ್‌ವರ್ಡನ್ನು ಬಳಸುವವನ ಹತ್ತಿರ ಮಾತ್ರ ಬಿಡುತ್ತವೆ. ಕಂಪನಿಗೂ ಅದು ಗೊತ್ತಿರುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಅದು ಉತ್ತಮ. ಆದರೆ ಆ ಪದ ಮರೆತರೆ ಲೆಕ್ಕವನ್ನು ಬ್ರಹ್ಮನೂ ಬಿಡಿಸಲಾರ. ಅದನ್ನು ಕಾಗದದ ಮೇಲೆ ಬರೆದು, ಮನೆಪತ್ರದ ಜೊತೆ ಇಡುವುದು ನಾಚಿಕೆಯ ಕೆಲಸವಲ್ಲ, ವಿವೇಕದ ಕೆಲಸ.

ಕನ್ನಡದ ಕಡತಗಳನ್ನು ಕಾಡುವ ಇನ್ನೊಂದು ತೊಡಕು ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ. ಚಿತ್ರದುರ್ಗದ ಡಿಟಿಪಿ ಅಂಗಡಿಗಳಲ್ಲಿ, ಶಾಲೆ–ಸಂಘಗಳ ಕಂಪ್ಯೂಟರ್‌ಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಡತಗಳು ರಾಶಿ ರಾಶಿ ಇವೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹದಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕೃತಿಗಳನ್ನು ಕೂರಿಸುತ್ತಿದ್ದವು. ಫಾಂಟ್ ಇದ್ದರೆ ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಕ್ಲೌಡ್ ಬ್ಯಾಕಪ್ ಇಂಥ ಕಡತವನ್ನು ಒಂದು ಬಿಂದುವೂ ಕೆಡದಂತೆ ಕಾಪಾಡುತ್ತದೆ. ಹತ್ತು ವರ್ಷದ ನಂತರ ಹೊಸ ಕಂಪ್ಯೂಟರಿಗೆ ಇಳಿಸಿದಾಗ ಅದು ಓದಲು ಬರುವುದಿಲ್ಲ. ಪೇಜ್‌ಮೇಕರ್‌ನಲ್ಲಿ ಮಾಡಿದ್ದರೆ ತೆರೆಯಲೂ ಬರುವುದಿಲ್ಲ; ಅದರ ಕೊನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಉಳಿಯಿತು ಎಂದರೆ ಓದಲು ಬರುವಂತೆ ಉಳಿಯಿತು ಎಂದು ಅರ್ಥ. ಆದ್ದರಿಂದ ಫಾಂಟಿನ ಕಡತವನ್ನೂ ಜೊತೆಗೇ ಏರಿಸಬೇಕು, ಮುಖ್ಯವಾದ ಪಠ್ಯವನ್ನು ಯೂನಿಕೋಡಿಗೆ ಬದಲಿಸಿ ಒಂದು ಪ್ರತಿ, ಪಿಡಿಎಫ್ ಒಂದು ಪ್ರತಿ ಇಡಬೇಕು. ಇಷ್ಟು ಸಲಹೆಯನ್ನು ಕನ್ನಡದಲ್ಲಿ ಕೊಡುವ ಒಂದು ಬ್ಯಾಕಪ್ ಸಾಫ್ಟ್‌ವೇರ್ ಬಂದರೆ ಅದನ್ನು ಎರಡು ಕೈಯಿಂದ ಸ್ವಾಗತಿಸಬಹುದು.

ಕಡತ ಎಂಬ ಮಾತನ್ನೇ ನೋಡಿ. ಹುಣಸೆಬೀಜದ ಗಂಜಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು, ಅದೇ ಕಡತ. ಒರೆಸಿ ಮತ್ತೆ ಬರೆಯಲು ಬರುತ್ತಿದ್ದ ಸಾಧನ ಅದು. ಅಳಿಯಬಾರದ ಮಾತಿಗೆ ಜನ ಬೇರೆಯೇ ವ್ಯವಸ್ಥೆ ಮಾಡಿಕೊಂಡಿದ್ದರು: ಕಲ್ಲು. ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಒಂದೇ ಶಾಸನ ಮೂರು ಕಡೆ ಕೆತ್ತಲ್ಪಟ್ಟಿದೆ: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಜಟಿಂಗ ರಾಮೇಶ್ವರದ ಪ್ರತಿ ಬಹಳ ಸವೆದಿದೆ. ಬ್ರಹ್ಮಗಿರಿಯದ್ದನ್ನು ಪಕ್ಕದಲ್ಲಿಟ್ಟುಕೊಂಡೇ ಅದನ್ನು ಓದಬೇಕು. ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಮೂರರಲ್ಲೂ ಅಶೋಕ ಎಂಬ ಹೆಸರಿಲ್ಲ, ‘ದೇವಾನಾಂಪ್ರಿಯ’ ಎಂದಷ್ಟೇ ಇದೆ. ಹೆಸರು ಸಿಕ್ಕಿದ್ದು ದೂರದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಹತ್ತಿರದ ಪ್ರತಿಗಳು ಹೇಳದ್ದನ್ನು ದೂರದ್ದು ಹೇಳಿತು. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಬ್ಯಾಕಪ್ಪಿನ ‘3-2-1’ ನಿಯಮ ಹೇಳುವುದೂ ಇದನ್ನೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ.

ಬೇರೆ ಊರು ಏಕೆ ಎಂಬುದಕ್ಕೆ ದಕ್ಷಿಣ ಕೊರಿಯಾ ಇತ್ತೀಚೆಗೆ ದುಬಾರಿ ಬೆಲೆ ಕೊಟ್ಟಿದೆ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹ ನಾಶವಾಯಿತು. ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಕ್ಲೌಡ್ ಎಂದರೂ ಕೊನೆಗೆ ಅದು ಯಾವುದೋ ಊರಿನ ಒಂದು ಕಟ್ಟಡ. ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ಕಥೆ ಇದಕ್ಕೆ ತಿರುಗುಮುರುಗು. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡಿನ ಒಂದು ತಪ್ಪಿನಿಂದ ಅದರ ಕ್ಲೌಡ್ ವ್ಯವಸ್ಥೆ ಅಳಿಸಿಹೋಯಿತು. ಇನ್ನೊಂದು ಕಂಪನಿಯಲ್ಲೂ ಪ್ರತಿ ಇಟ್ಟಿದ್ದು ಅದರ ನೆರವಿಗೆ ಬಂತು. ನಮ್ಮ ಹತ್ತಿರಕ್ಕೆ ಬಂದರೆ, 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಂತ್ರಾಂಶ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ, ದೇಶದ ಸುಮಾರು 300 ಸಣ್ಣ ಬ್ಯಾಂಕ್‌ಗಳ ಪಾವತಿ ಸೇವೆ ನಿಂತಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕ್‌ಗಳೇ ಅದರಲ್ಲಿ ಹೆಚ್ಚು. ದಾಳಿಕೋರರಿಗೆ ಊರು ಸಣ್ಣದೋ ದೊಡ್ಡದೋ ಎಂಬ ಲೆಕ್ಕವಿಲ್ಲ.

ಆದರೂ ‘ನಮಗೆ ಇಷ್ಟು ವರ್ಷ ಏನೂ ಆಗಿಲ್ಲ’ ಎಂಬ ಮಾತು ಅಂಗಡಿ ಅಂಗಡಿಯಲ್ಲಿ ಕೇಳುತ್ತದೆ. ಹಿರಿಯೂರಿನವರಾದರೂ ಈ ಮಾತು ಆಡಬಾರದು. ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಮೂರನೆಯ ಸಲ 2025ರ ಜನವರಿಯಲ್ಲಿ. ಮೂರು ತಲೆಮಾರು ಕಾಣದ್ದು ಮೂರೇ ವರ್ಷದೊಳಗೆ ಎರಡು ಸಲ ಕಂಡಿತು.

ಕಾನೂನಿನ ಕಡೆಯೂ ಕಣ್ಣಿಡಬೇಕು. ನೋಂದಾಯಿತ ಕಂಪನಿಗಳು ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಇಡಬೇಕು ಎಂದು ಕಂಪನಿ ಲೆಕ್ಕಪತ್ರ ನಿಯಮಗಳ 2022ರ ಆಗಸ್ಟ್ ತಿದ್ದುಪಡಿ ಹೇಳುತ್ತದೆ. ಅದಕ್ಕೂ ಮುಂಚೆ ‘ಕಾಲಕಾಲಕ್ಕೆ’ ಎಂದಷ್ಟೇ ಇತ್ತು. ಒಬ್ಬರೇ ನಡೆಸುವ ಅಂಗಡಿಗೆ ಈ ನಿಯಮ ಅನ್ವಯಿಸದು. ಚಿತ್ರದುರ್ಗದ ಪ್ರೈವೇಟ್ ಲಿಮಿಟೆಡ್ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಸಾಫ್ಟ್‌ವೇರ್ ಕೊಳ್ಳುವ ಮುನ್ನ ಡೇಟಾ ಯಾವ ದೇಶದಲ್ಲಿ ಕೂರುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯುವುದು ಅಗತ್ಯ.

ಒಟ್ಟಿನಲ್ಲಿ ಒಂದು ಬ್ಯಾಕಪ್ ಸಾಫ್ಟ್‌ವೇರಿಗೆ ಅಂಕ ಕೊಡಬೇಕಾದದ್ದು ಅದು ರಿಸ್ಟೋರ್ ಮಾಡುವ ದಿನ. ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಕಂಪನಿ 2017ರ ಜನವರಿ 31ರಂದು ತನ್ನದೇ ಎಂಜಿನಿಯರ್ ಕೈತಪ್ಪಿನಿಂದ ಡೇಟಾ ಕಳೆದುಕೊಂಡಾಗ, ಹಾಕಿಟ್ಟುಕೊಂಡಿದ್ದ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಆರು ಗಂಟೆ ಮುಂಚೆ ಬೇರೆ ಕಾರಣಕ್ಕೆ ತೆಗೆದಿಟ್ಟ ಒಂದು ಪ್ರತಿಯಿಂದ ಅದು ಬಚಾವಾಯಿತು. ಐದೂ ಇದ್ದವು, ಇಳಿಸಿ ನೋಡಿದವರು ಇರಲಿಲ್ಲ. ಮಾರುವ ಕಂಪನಿಗಳು ಪರದೆಯ ಮೇಲೆ ‘ಬ್ಯಾಕಪ್ ಯಶಸ್ವಿ’ ಎಂದು ತೋರಿಸಿ ಸುಮ್ಮನಾಗುವುದು ಈ ಕ್ಷೇತ್ರದ ದೊಡ್ಡ ಕೊರತೆ. ‘ಕಳೆದ ಮೂರು ತಿಂಗಳಿಂದ ನೀವು ಇಳಿಸಿ ನೋಡಿಲ್ಲ’ ಎಂದು ಕೆಂಪು ಅಕ್ಷರದಲ್ಲಿ ಎಚ್ಚರಿಸುವ ಸಾಫ್ಟ್‌ವೇರ್ ಅಂಗಡಿಯವನ ನಿಜವಾದ ಸ್ನೇಹಿತ.

ಜಗತ್ತಿನಲ್ಲಿ ಬ್ಯಾಕಪ್ ದಿನ ಎಂದು ಆಚರಿಸುವುದು ಮಾರ್ಚ್ 31ನ್ನು. ನಮ್ಮ ವ್ಯಾಪಾರಿಗಳು ವರ್ಷದ ಲೆಕ್ಕ ಮುಗಿಸುವ ದಿನವೂ ಅದೇ. ಆದರೆ ಅಲ್ಲಿಯವರೆಗೆ ಕಾಯುವುದು ಬೇಡ. ಈ ವಾರವೇ ಒಂದು ಸಂಜೆ, ಹೋದ ವರ್ಷದ ಯಾವುದಾದರೂ ಒಂದು ಬಿಲ್ಲಿನ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯ ಕಂಪ್ಯೂಟರ್ ಮುಟ್ಟದೆ, ಹುಡುಗನಿಗೆ ಫೋನ್ ಮಾಡದೆ, ನಿಮ್ಮದೇ ಇಮೇಲ್ ಮತ್ತು ಪಾಸ್‌ವರ್ಡಿನಿಂದ ಬೇರೊಂದು ಕಂಪ್ಯೂಟರಿಗೆ ಲೆಕ್ಕವನ್ನು ಇಳಿಸಿ ಆ ಬಿಲ್ಲನ್ನು ಹುಡುಕಿ. ಎಷ್ಟು ಹೊತ್ತು ಹಿಡಿಯಿತು ಎಂದು ಅದೇ ಚೀಟಿಯ ಹಿಂದೆ ಬರೆದಿಡಿ.