ಹೊರಗೆ ನಿಂತವರ ಬ್ಯಾಂಡು

ಡ್ಯೂಕ್ ಎಲಿಂಗ್ಟನ್ ತನ್ನ ಜಾಝ್ ಬ್ಯಾಂಡಿಗೆ ಬರೆದ ‘ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್’ ಅಮೆರಿಕದ ಕರಿಯರ ಚರಿತ್ರೆ. 1943ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಮುಕ್ಕಾಲು ತಾಸು ನುಡಿಸಿದಾಗ ವಿಮರ್ಶಕರು ಮೂಗು ಮುರಿದರು. ಅದರ ‘ಕಮ್ ಸಂಡೇ’ಯಲ್ಲಿ ದುಡಿಯುವ ಕರಿಯರು ಚರ್ಚಿನ ಹೊರಗೆ ನಿಂತು ಒಳಗಿನದನ್ನು ಕೇಳುತ್ತಾರೆ; ಒಳಗೆ ಬಿಡೋದಿಲ್ಲ. ಶಿರಹಟ್ಟಿ, ಮುಂಡರಗಿ ಕಡೆ ಪಲ್ಲಕ್ಕಿ ಮುಂದೆ ಹಲಗಿ ಬಾರಿಸಿ ಗುಡಿ ಹೊರಗೇ ನಿಂತವರಿಗೆ ಇದನ್ನ ಬಿಡಿಸಿ ಹೇಳಬೇಕೇನು?

1958ರ ಕೊಲಂಬಿಯಾ ರೆಕಾರ್ಡಿನಲ್ಲಿ ಮಹಾಲಿಯಾ ಜಾಕ್ಸನ್ ಇದನ್ನೇ ಹಾಡಿದ್ದಾಳೆ. ಎಂಥ ಕಂಠ! ಆದರೆ ಅಲ್ಲಿ ಉಳಿದದ್ದು ಗುಲಾಮಗಿರಿಯ ಮೊದಲ ಭಾಗವಷ್ಟೇ, ಕೊನೆಗೊಂದು ಪ್ರಾರ್ಥನೆ. ಬಿಡುಗಡೆಯಾದಾಗ ಹುಡುಗರು ಕುಣಿದದ್ದು, ಮುದುಕರು ದಿಗಿಲುಬಿದ್ದದ್ದು, ಕರಿಯ ಸಿಪಾಯಿಗಳು, ಹಾರ್ಲೆಮ್ಮಿನ ಓಣಿ, ಎಲ್ಲಾ ಕತ್ತರಿಸಿ ಹೋಗಿದೆ. ಹೊರಗೆ ನಿಂತವನು ಬೇಡಿಕೊಳ್ಳುವುದನ್ನಷ್ಟೇ ಇದು ನಮಗೆ ಕೇಳಿಸುತ್ತದೆ. ಗೆಳೆಯರೇ, 1977ರಲ್ಲಿ ಹೊರಬಂದ ಕಾರ್ನೆಗಿ ಹಾಲಿನ ಧ್ವನಿಮುದ್ರಣವನ್ನೇ ಕೇಳಿರಿ. ಸದ್ದು ಸವೆದಿದೆ, ಚಿಂತಿಲ್ಲ.